ಪಿ.ಬಿ. ರಸ್ತಾ ಮತ್ತ ಬದಲಾಗೂದಾದ್ರ ಮೊದಲ ಯಾರನ್ನ ಕೇಳಬೇಕು?

ಸಪ್ತಾಪುರದಾಕಿ · ರವಿವಾರ ಮುಂಜಾನೆ 7:40

ಹೋದ ವಾರ ಹುಬ್ಬಳ್ಳಿ-ಧಾರವಾಡ ನಡುವಿನ ಪಿ.ಬಿ. ರಸ್ತಾದಾಗ, ನವಲೂರ ಹತ್ರ ನಿಂತಿದ್ದೆ. ಬಾಜೂಕ ಒಬ್ಬಾಕಿ ಅಜ್ಜಿ, ತಲಿ ಮ್ಯಾಲ ಪೇರಲ ಬುಟ್ಟಿ. ಆಕಿಗೆ ರಸ್ತಾದ ಆಚೀಕಡೆ ಹೋಗಬೇಕಾಗಿತ್ತು. ಮೊದಲ ಕಾರು-ಬೈಕಿನ ದಾರಿ, ಆಮ್ಯಾಲ ಕಬ್ಬಿಣದ ಕಟಾಂಜನ, ಆಮ್ಯಾಲ ಬಸ್ಸಿನ ದಾರಿ, ಮತ್ತ ಕಟಾಂಜನ, ಮತ್ತ ಕಾರು-ಬೈಕು. ಸಿಗ್ನಲ್ ಇರೂ ಕಡೆ ನಡದು ಹೋಗಬೇಕಂದ್ರ ಬುಟ್ಟಿ ಭಾರ. ಆಕಿ ಒಂದು ಸಂದಿ ನೋಡಿ ಬುಟ್ಟಿ ಇಳಿಸಿದ್ಲು. ಮೊದಲ ಬುಟ್ಟಿ ದಾಟಿಸಿದ್ಲು, ಆಮ್ಯಾಲ ಸೆರಗು ಸೊಂಟಕ್ಕ ಸಿಗಿಸಿಕೊಂಡು ತಾನು ದಾಟಿದ್ಲು. ಮೂರು ಪೇರಲ ಉರುಳಿ ರಸ್ತಾಕ್ಕ ಬಿದ್ದವು. ಒಂದರ ಮ್ಯಾಲ ಬೈಕ್ ಹಾದು ಹೋತು. ಉಳಿದ ಎರಡನ್ನ ಆಕಿ ಆರಿಸಿ, ಸೆರಗಿನಿಂದ ಒರಸಿ, ತಿರುಗಿ ಬುಟ್ಟಿಗೆ ಇಟ್ಟುಕೊಂಡ್ಲು.

ಇದನ್ನ ಬರಿಯಾಕ ಕಾರಣ ಐತಿ. ಈಗ ಮತ್ತ ಎಲ್ಲಾ ಕಡೆ ಅದೇ ಮಾತು. ಬಿಆರ್‌ಟಿಎಸ್ ದಾರಿ, ಅಂದ್ರ ನಡುವಿನ ಆ ಬಸ್ಸಿನ ದಾರಿ, ಎಲ್ಲಾ ಗಾಡಿಗೂ ಬಿಟ್ಟುಬಿಡ್ರಿ ಅಂತ ಕೆಲವರು. ಇ-ಆರ್‌ಟಿ ತರ್ತೀವಿ, ಟ್ರಾಮಿನಂಗ ಉದ್ದನ್ನ ವಿದ್ಯುತ್ ಬಸ್ ಓಡಿಸ್ತೀವಿ ಅಂತ ಕೆಲವರು. ಮ್ಯಾಲ ಫ್ಲೈಓವರ್ ಅಂತ ಇನ್ನೊಂದಿಷ್ಟು ಮಂದಿ. ಯಾವುದು ಛಲೋ ಅಂತ ಇಲ್ಲಿ ಜಗಳ ಆಡೂದು ಬ್ಯಾಡ. ನಾ ಕೇಳೂದು ಒಂದ: 22 ಕಿಲೋಮೀಟರ್ ರಸ್ತಾ ಮತ್ತೊಮ್ಮೆ ಬದಲಾಗೂದಾದ್ರ, ಆ ಅಜ್ಜಿಯನ್ನ ಯಾರು, ಯಾವಾಗ, ಎಲ್ಲಿ ಕೇಳ್ತಾರ?

---

ಉಣಕಲ್_ಬೈಕ್ · ರವಿವಾರ 8:15

ಅಕ್ಕಾರ, ಅಜ್ಜಿ ಬಗ್ಗೆ ಬರದಿದ್ದು ಓದಿ ಕೆಟ್ಟ ಅನಿಸ್ತು. ಆದ್ರ ನನ್ನ ಮಾತೂ ಕೇಳ್ರಿ. ನಾ ದಿನಾ ಉಣಕಲ್‌ದಿಂದ ರಾಯಾಪುರಕ್ಕ ಬೈಕಿನ ಮ್ಯಾಲ ಹೋಗಾಂವ. ಮುಂಜಾನೆ 9ಕ್ಕ ನಮ್ಮ ಲೇನ್ ಪೂರಾ ಜಾಮ್ ಆಗಿರ್ತದ, ಬಾಜೂಕ ಬಸ್ಸಿನ ದಾರಿ ಖಾಲಿ ಬಿದ್ದಿರ್ತದ. ಐದು ನಿಮಿಷಕ್ಕೊಂದು ಚಿಗರಿ ಬಸ್ಸು ಹಾರಿ ಹೋಗ್ತದ, ಅಷ್ಟ. ಕಣ್ಣ ಮುಂದ ಖಾಲಿ ದಾರಿ ಇಟ್ಟುಕೊಂಡು ಹೊಗಿ ಕುಡಿಯೂದು ಯಾವ ನ್ಯಾಯ? ಜನರನ್ನ ಕೇಳ್ರಿ ಅಂತೀರಲ್ಲ, ಕೇಳಿದ್ರ ನೂರಕ್ಕ ತೊಂಬತ್ತು ಮಂದಿ ದಾರಿ ಬಿಡ್ರಿ ಅಂತನ ಹೇಳ್ತಾರ.

---

ಚಿಗರಿ_ಪಾಸ್ · ರವಿವಾರ 8:31

ಯಾವ ತೊಂಬತ್ತು ಮಂದಿನ್ನ ಕೇಳ್ತೀರಿ ಅಣ್ಣಾ ಅನ್ನೂದರ ಮ್ಯಾಲ ಐತಿ ಅದು.

ನಾ ಧಾರವಾಡದಾಕಿ, ವಿದ್ಯಾನಗರದಾಗ ಕಾಲೇಜು. ನಮ್ಮ ಅಪ್ಪಗ ಬೈಕ್ ಇಲ್ಲ. ಚಿಗರಿ ಬರೂಕ್ಕಿಂತ ಮೊದಲ ಇದ ರಸ್ತಾದಾಗ ನಮ್ಮ ಅಕ್ಕ ಕಾಲೇಜಿಗೆ ಹೋಗೂ ಮುಂದ ಮುಕ್ಕಾಲು ತಾಸಿನ ಮ್ಯಾಲ ನಿಂತಕೊಂಡ ಹೋಗ್ತಿದ್ಲು. ಈಗ ನಾ ಕುಂತು ಓದಕೋತ ಹೋಗ್ತೀನಿ. ಆ "ಖಾಲಿ ದಾರಿ"ಯೊಳಗ ಹಾರಿ ಹೋಗೂ ಒಂದ ಬಸ್ಸಿನಾಗ ನನ್ನಂಥಾವರು ಅರವತ್ತು-ಎಪ್ಪತ್ತು ಮಂದಿ ಇರ್ತೀವಿ. ನಿಮ್ಮ ಲೇನಿನಾಗ ಅಷ್ಟು ಮಂದಿ ಹೋಗಾಕ ಎಷ್ಟು ಬೈಕು, ಎಷ್ಟು ಕಾರು ಬೇಕು ಲೆಕ್ಕ ಹಾಕ್ರಿ. ಮಧ್ಯಾಹ್ನದಾಗ ಬಸ್ ಅರ್ಧ ಖಾಲಿ ಇರ್ತದ, ಅದನ್ನೂ ಒಪ್ಕೋತೀನಿ. ಎಸಿ ಎಷ್ಟೋ ಬಸ್ಸಿನಾಗ ಸರಿ ನಡಿಯೂದಿಲ್ಲ, ಅದೂ ಖರೆ.

ಆದ್ರ ಸಭಾ ಕರದಾಗ ನಾವು ಹೋಗೂದ ಇಲ್ಲ. ಮುಂಜಾನೆ 11ಕ್ಕ, ಕೆಲಸದ ದಿನ ಇಡ್ತಾರ. ಆ ಹೊತ್ತಿಗೆ ನಾ ಕ್ಲಾಸಿನಾಗ ಇರ್ತೀನಿ, ಪೇರಲ ಅಜ್ಜಿ ಬುಟ್ಟಿ ಮುಂದ ಇರ್ತಾಳ. ಸಭಾಕ್ಕ ಬರೂದು ಕಾರಿನಾಗ ಬರಾಕ ಆಗೂ ಮಂದಿ.

---

ನಿವೃತ್ತ_ಇಂಜಿನಿಯರ್ · ರವಿವಾರ 9:50

ರಸ್ತೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಹುಬ್ಬಳ್ಳಿ-ಧಾರವಾಡ ಯೋಜನೆಯಲ್ಲಿ ಕೆಲಸ ಮಾಡಿಲ್ಲ, ಆದರೆ ಇಂಥ ಕೆಲಸಗಳ ಒಳಗಿನ ಕ್ರಮ ಗೊತ್ತು. ಅದನ್ನು ಹೇಳಿದರೆ "ಯಾವಾಗ ಕೇಳಬೇಕು" ಎಂಬ ಪ್ರಶ್ನೆಗೆ ಉತ್ತರ ಸಿಗಬಹುದು.

ಮೊದಲು ಕಾರ್ಯಸಾಧ್ಯತಾ ವರದಿ, ಆಮೇಲೆ ಡಿಪಿಆರ್ ಅಂದರೆ ವಿವರವಾದ ಯೋಜನಾ ವರದಿ, ಆಮೇಲೆ ಟೆಂಡರ್, ಕೊನೆಗೆ ಕೆಲಸ. ಡಿಪಿಆರ್ ಕರಡು ಹಂತದಲ್ಲಿ ಒಂದು ಪಾದಚಾರಿ ದಾಟುವಿಕೆಯನ್ನು 80 ಮೀಟರ್ ಆಚೆ ಸರಿಸಬೇಕಾದರೆ ಗಣಕಯಂತ್ರದ ಮುಂದೆ ಕೂತವನಿಗೆ ಅರ್ಧ ದಿನದ ಕೆಲಸ. ಟೆಂಡರ್ ಆದ ಮೇಲೆ ಅದೇ ಬದಲಾವಣೆಗೆ ಹೆಚ್ಚುವರಿ ಮಂಜೂರಾತಿ ಬೇಕು, ದರ ಒಪ್ಪಂದ ಬೇಕು, ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕು. ಹಾಗಾಗಿ ಯಾವ ಅಧಿಕಾರಿಯೂ ಮುಟ್ಟಲು ಹೋಗುವುದಿಲ್ಲ. ನಮ್ಮಲ್ಲಿ ಜನರ ಸಭೆ ಆಗುವುದು ಬಹುಪಾಲು ಟೆಂಡರ್ ಆದ ಮೇಲೆ, ಗುದ್ದಲಿ ಪೂಜೆಯ ಆಸುಪಾಸಿನಲ್ಲಿ. ಅಲ್ಲಿ ಯಾರು ಏನು ಹೇಳಿದರೂ "ಪರಿಶೀಲಿಸುತ್ತೇವೆ" ಎನ್ನುವುದು ಬಿಟ್ಟು ಬೇರೆ ಉತ್ತರ ಇರುವುದಿಲ್ಲ. ಅಧಿಕಾರಿ ಕೆಟ್ಟವನಿರಬೇಕೆಂದಿಲ್ಲ, ಕೈ ಕಟ್ಟಿರುತ್ತದೆ.

ಕಾನೂನಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರಲ್ಲಿ ಭೂಮಿ ಅಧಿಸೂಚನೆಗೆ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಅದು ಜಮೀನಿನಲ್ಲಿ ಹಿತಾಸಕ್ತಿ ಇದ್ದವರಿಗೆ. ರಸ್ತೆ ದಾಟುವವರಿಗೆ ಅಲ್ಲಿ ಜಾಗವಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಸಾರ್ವಜನಿಕ ಸಮಾಲೋಚನೆ ಇದೆ, ಆದರೆ ಹೊಸದಾಗಿ ಭೂಮಿ ತೆಗೆದುಕೊಳ್ಳದ ರಸ್ತೆ ವಿಸ್ತರಣೆಗೆ ಅದರಿಂದ ವಿನಾಯಿತಿ. ಅಂದರೆ ಇರುವ ರಸ್ತೆಯನ್ನು ಒಳಗೊಳಗೇ ಬದಲಿಸುವುದಾದರೆ ಜನರನ್ನು ಕೇಳಲೇಬೇಕೆಂಬ ಒತ್ತಾಯ ಆ ಅಧಿಸೂಚನೆಯಲ್ಲಿ ಇಲ್ಲ. ನಮ್ಮ ಪಿ.ಬಿ. ರಸ್ತೆ ಬೀಳುವುದು ಈ ಸಂದಿಯಲ್ಲಿಯೇ.

ಎರಡು ಹಿಡಿಕೆ ಮಾತ್ರ ಉಪಯೋಗಕ್ಕೆ ಬರುವಂಥವು. ಒಂದು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಪೇರಲ ಮಾರುವ ಅಜ್ಜಿಗೆ ಕಾನೂನಿನಲ್ಲಿ ಕುರ್ಚಿ ಇದ್ದರೆ ಅದು ಇಲ್ಲಿಯೇ. ಇನ್ನೊಂದು, ಮರಗಳು. ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು.

---

ಉಣಕಲ್_ಬೈಕ್ · ರವಿವಾರ 10:05

ಸರ್, ಅಂದ್ರ ಮರಕ್ಕ ಆಕ್ಷೇಪಣೆ ಕೇಳ್ತಾರ, ಮನಷಾರಿಗೆ ಕೇಳೂದಿಲ್ಲ?

---

ನಿವೃತ್ತ_ಇಂಜಿನಿಯರ್ · ರವಿವಾರ 10:11

ಮರಕ್ಕೆ ಕೇಳುವುದೂ ಹೋರಾಡಿ ಪಡೆದದ್ದೇ. ಮನುಷ್ಯರಿಗೂ ಹಾಗೆಯೇ ಪಡೆಯಬೇಕು.

---

ಸಿರಾಕ್ಯೂಸ್_ಧಾರವಾಡ · ರವಿವಾರ 11:30

ನಾನು ಹುಟ್ಟಿ ಬೆಳೆದದ್ದು ಮಾಳಮಡ್ಡಿಯಲ್ಲಿ. ಈಗ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಇದ್ದೇನೆ. ಇಲ್ಲಿಯ ಹೆದ್ದಾರಿಯ ಕತೆ ನಿಮ್ಮ ಪ್ರಶ್ನೆಗೆ ನೇರವಾಗಿ ತಾಕುತ್ತದೆ, ಸ್ವಲ್ಪ ಉದ್ದ ಆದೀತು.

ಐ-81 ಅಂತ ಒಂದು ಹೆದ್ದಾರಿ ಊರ ನಡುವೆ ಕಂಬಗಳ ಮೇಲೆ ಹಾದುಹೋಗುತ್ತದೆ. ಆ ಎತ್ತರದ ಭಾಗ ಸುಮಾರು 1.4 ಮೈಲಿ. 1960ರ ದಶಕದಲ್ಲಿ ಕಟ್ಟಿದ್ದು. ಆಗ ಅಲ್ಲಿ 15ನೇ ವಾರ್ಡ್ ಎಂಬ ಕಪ್ಪು ಜನರ ಕೇರಿ ಇತ್ತು. ನಗರ ನವೀಕರಣ ಅಂತ ಹೆಸರಿಟ್ಟು ಕೇರಿಯನ್ನು ನೆಲಸಮ ಮಾಡಿದರು, ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಉಳಿದದ್ದು ಪಯನಿಯರ್ ಹೋಮ್ಸ್ ಎಂಬ ಸರ್ಕಾರಿ ವಸತಿ. ಅದರ ಕಿಟಕಿ ಪಕ್ಕಕ್ಕೇ ಹೆದ್ದಾರಿ. ಆವತ್ತು ಯಾರೂ ಅವರನ್ನು ಕೇಳಲಿಲ್ಲ.

ಐವತ್ತು ವರ್ಷ ಕಳೆದು ಕಾಂಕ್ರೀಟು ಸವೆದಾಗ ಏನು ಮಾಡಬೇಕೆಂಬ ಚರ್ಚೆ ಎದ್ದಿತು. ಹೊಸ ಮೇಲ್ಸೇತುವೆ ಕಟ್ಟಬೇಕೇ, ಸುರಂಗ ತೋಡಬೇಕೇ, ಕೆಡವಿ ನೆಲಮಟ್ಟದ ಬೀದಿ ಮಾಡಬೇಕೇ? ಈ ಮೂರರ ನಡುವೆ ಹತ್ತು ವರ್ಷಕ್ಕೂ ಮೀರಿ ವಾದ ನಡೆಯಿತು. ಕೊನೆಗೆ ಗೆದ್ದದ್ದು ನೆಲಮಟ್ಟದ ಬೀದಿಗಳ ಜಾಲ. ಇಲ್ಲಿ ಅದನ್ನು ಕಮ್ಯುನಿಟಿ ಗ್ರಿಡ್ ಅಂತಾರೆ. ದೂರ ಹೋಗುವ ಗಾಡಿಗಳು ಊರ ಹೊರಗಿನ ಐ-481ರಲ್ಲಿ ಸುತ್ತಿಕೊಂಡು ಹೋಗಬೇಕು. 2022ರ ಮೇ ತಿಂಗಳಲ್ಲಿ ಅಂತಿಮ ನಿರ್ಧಾರ ಆಯಿತು, ಖರ್ಚು ಸುಮಾರು 225 ಕೋಟಿ ಡಾಲರ್.

ನಾನು ಹೇಳಬೇಕೆಂದಿದ್ದು ಇದರೊಳಗಿನ ಒಂದು ಚಿಕ್ಕ ಸಂಗತಿ. ಕರಡು ನಕ್ಷೆಯಲ್ಲಿ, ಹೆದ್ದಾರಿ ಬಂದು ಊರ ಬೀದಿಗೆ ಸೇರುವಲ್ಲಿ ಒಂದು ವೃತ್ತ ಹಾಕಿದ್ದರು. ಆ ವೃತ್ತ ಡಾ. ಕಿಂಗ್ ಪ್ರಾಥಮಿಕ ಶಾಲೆಯ ಹತ್ತಿರಕ್ಕೇ ಬರುತ್ತಿತ್ತು. ದೊಡ್ಡ ಯೋಜನೆಯನ್ನು ಒಪ್ಪಿದವರೇ ಇದಕ್ಕೆ ಎದ್ದು ನಿಂತರು. ಹೆದ್ದಾರಿಯಿಂದ ಇಳಿದು ನಿಧಾನಿಸುವ ಲಾರಿಗಳ ಹೊಗೆ ಮಕ್ಕಳ ಆಟದ ಬಯಲಿಗೆ ಬರುತ್ತದೆ ಅಂತ ತಂದೆ-ತಾಯಂದಿರು ಹೇಳಿದರು, ನಾಗರಿಕ ಹಕ್ಕುಗಳ ಸಂಘಟನೆಯವರು ಹೇಳಿದರು. ಅಂತಿಮ ನಕ್ಷೆಯಲ್ಲಿ ವೃತ್ತವನ್ನು ಶಾಲೆಯಿಂದ ದೂರ, ದಕ್ಷಿಣಕ್ಕೆ ಸರಿಸಿದರು. ಇಂಜಿನಿಯರ್ ಸರ್ ಹೇಳಿದ ಹಾಗೆ, ಅದು ಸಾಧ್ಯವಾದದ್ದು ನಕ್ಷೆ ಇನ್ನೂ ಕರಡಾಗಿದ್ದಾಗ.

ಎಲ್ಲ ಸುಸೂತ್ರ ಆಯಿತು ಅಂತ ತಿಳಿಯಬೇಡಿ. ಸುತ್ತಲಿನ ಊರವರಿಗೆ ನಗರದೊಳಗೆ ಸರ್ರನೆ ಬರುವ ದಾರಿ ಹೋಗುತ್ತದೆಂಬ ಸಿಟ್ಟು. ವಿರೋಧಿಸಿದವರು ಕೋರ್ಟಿಗೆ ಹೋದರು, ಕೆಲಸದ ಒಂದು ಭಾಗಕ್ಕೆ ತಡೆ ಬಿತ್ತು. 2024ರ ಫೆಬ್ರವರಿಯಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ಬದಲಿಸಿತು. ಪಯನಿಯರ್ ಹೋಮ್ಸ್‌ನವರಿಗೂ ಭಯ ಇದ್ದೇ ಇದೆ. ಹೆದ್ದಾರಿ ಬಿದ್ದ ಮೇಲೆ ಜಾಗದ ಬೆಲೆ ಏರುತ್ತದೆ, ಆಗ ನಮ್ಮನ್ನು ಇಲ್ಲಿ ಇರಗೊಡುತ್ತಾರೆಯೇ ಅಂತ ಕೇಳುತ್ತಾರೆ. ನ್ಯಾಯವಾದ ಭಯವೇ.

---

ಗೋಕುಲ_ರಸ್ತಾ · ರವಿವಾರ 12:02

ಅಣ್ಣಾರ, ಕತಿ ಛಲೋ ಐತಿ, ಆದ್ರ ಅಮೆರಿಕದಾಗ ಹತ್ತು ವರ್ಷ ಮಾತಾಡಕೋತ ಕುಂತ್ರ ನಡೀತದ. ಇಲ್ಲಿ ಹತ್ತು ವರ್ಷ ಮಾತಾಡಿದ್ರ ಅನುದಾನ ತಿರುಗಿ ಹೋಗ್ತದ, ಸರ್ಕಾರ ಎರಡು ಸಲ ಬದಲಾಗ್ತದ. ನಮಗ ಕೆಲಸ ಬೇಕ್ರಿ. ಕೇಳಾಕ ಹೋದ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರ, ಕಡೀಕ ಏನೂ ಆಗೂದಿಲ್ಲ. ನಂಗ ಇದು ಖರೇನ ಹೆದರಿಕಿ.

---

ಬಳ್ಳಾರಿ_ರಸ್ತೆ · ರವಿವಾರ 12:40

ಬೆಂಗಳೂರಿನಿಂದ ಬರೀತಿದ್ದೀನಿ, ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಗೋಕುಲ ರಸ್ತೆಯವರ ಹೆದರಿಕೆಗೆ ನಮ್ಮ ಕಡೆಯ ಅನುಭವ ಹೇಳ್ತೀನಿ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಮೀ ಉಕ್ಕಿನ ಮೇಲ್ಸೇತುವೆ ಅಂದ್ರು. ಸುಮಾರು 1,800 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರ. ಜನರಿಗೆ ಗೊತ್ತಾಗೋ ಹೊತ್ತಿಗೆ ಟೆಂಡರ್ ಮುಗಿದಿತ್ತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈ ಕೈ ಹಿಡ್ಕೊಂಡು ಮಾನವ ಸರಪಳಿ ಮಾಡಿದ್ವಿ. ನಾನೂ ಇದ್ದೆ, ನನ್ನ ಪಕ್ಕದಲ್ಲಿ ಮೊಮ್ಮಗಳ ಕೈ ಹಿಡಿದು ಒಬ್ಬರು ಅಜ್ಜ ಇದ್ರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಗೆದ್ದಿದ್ದು ಹೌದು, ಆದರೆ ನಮ್ಮನ್ನ ಕೇಳಿದ್ದು "ಬೇಕೋ ಬೇಡವೋ" ಅಂತ ಮಾತ್ರ. ಅದನ್ನೂ ಅವರು ಕೇಳಲಿಲ್ಲ, ನಾವೇ ಬೀದಿಗಿಳಿದು ಹೇಳಿದ್ದು. ಹಾಗಾದ್ರೆ ಬಳ್ಳಾರಿ ರಸ್ತೆಗೆ ಏನು ಬೇಕು ಅಂತ ಕೂತು ಮಾತಾಡೋ ಜಾಗ ಆವತ್ತೂ ಇರಲಿಲ್ಲ, ಆಮೇಲೂ ಹುಟ್ಟಲಿಲ್ಲ. 2016ರ ಡಿಸೆಂಬರ್‌ನಲ್ಲಿ ಉಪನಗರ ರೈಲಿಗೆ "ಚುಕುಬುಕು ಬೇಕು" ಅಂತ ಜನ ಹೊರಟಿದ್ದು ನನಗೆ ಇವತ್ತಿಗೂ ಹೆಚ್ಚು ಮುಖ್ಯ ಅನ್ಸುತ್ತೆ, ಯಾಕಂದ್ರೆ ಅಲ್ಲಿ "ಬೇಕು" ಅನ್ನೋ ಮಾತಿತ್ತು. ತಡ ಆಗೋದು ಜನರನ್ನ ಕೇಳಿದ್ದರಿಂದ ಅಂತೀರಲ್ಲ, ಕೇಳದೆ ಟೆಂಡರ್ ಕರೆದು ರದ್ದು ಮಾಡಿದ್ದರಲ್ಲಿ ಹೋದ ಕಾಲವನ್ನೂ ಲೆಕ್ಕಕ್ಕೆ ಹಿಡೀರಿ.

---

ನಿವೃತ್ತ_ಇಂಜಿನಿಯರ್ · ರವಿವಾರ 13:05

ಇದಕ್ಕೆ ದೆಹಲಿಯನ್ನೂ ಸೇರಿಸಿ. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ 5.8 ಕಿಮೀ ಬಸ್ ಪಥ ತೆರೆದರು. ನಮ್ಮಲ್ಲಿಯಂತೆ ಅಲ್ಲೂ ಪಕ್ಕದ ಲೇನಿನ ಕಾರಿನವರಿಗೆ ಖಾಲಿ ದಾರಿ ಕಣ್ಣು ಕುಕ್ಕಿತು. ಕೋರ್ಟಿಗೆ ಹೋದರು. 2012ರಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿ ಬಸ್ ಪಥ ಉಳಿಸಿತು. ಆದರೂ ಕೊನೆಗೆ ಸರ್ಕಾರವೇ ಅದನ್ನು ಕಿತ್ತುಹಾಕಿತು. ಬಸ್ಸಿನಲ್ಲಿ ಹೋಗುವವರ ದನಿ ಪತ್ರಿಕೆ, ಟೀವಿಗಳಲ್ಲಿ ಅಷ್ಟಾಗಿ ಕೇಳಲೇ ಇಲ್ಲ. ಚಿಗರಿ ಪಾಸ್ ಮಗಳು ಹೇಳಿದ್ದು ಸಣ್ಣ ಮಾತಲ್ಲ.

---

ಹೆದ್ದಾರಿ_ಮಗ್ಗಲ_ಊರು · ರವಿವಾರ 15:20

ನಮ್ಮೂರ ಹೆಸರು ಬ್ಯಾಡ, ತಾಲ್ಲೂಕಿನ ಊರು. ಹೆದ್ದಾರಿ ಊರ ನಡುವ ಹಾದು ಹೋಗಿತ್ತು, ಅಗಲ ಮಾಡಬೇಕಂದ್ರು. ಸಭಾನೂ ಕರದ್ರು, ಹಂಗಾಗಿ ಕೇಳಲಿಲ್ಲ ಅಂತ ನಾ ಅನ್ನೂದಿಲ್ಲ. ಕೇಳಿದ ರೀತಿ ಹೇಳ್ತೀನಿ.

ಪಂಚಾಯ್ತಿ ಕಟ್ಟಿಯೊಳಗ ಎರಡು ಮೇಜು ಕೂಡಿಸಿ, ಮ್ಯಾಲ ಒಂದು ಉದ್ದನ್ನ ನಕ್ಷಾ ಹಾಸಿದ್ರು. ಬರೇ ಗೆರಿ. ಅಕ್ಷರೆಲ್ಲಾ ಇಂಗ್ಲಿಷು, ಅಂಕಿಗಳು ಮಿಲಿಮೀಟರಿನಾಗ. ನಮ್ಮ ಅಪ್ಪ ಕಣ್ಣಡಕ ಹಾಕ್ಕೊಂಡು ಬಗ್ಗಿ ನೋಡಿದ, ಬೆರಳು ಇಟ್ಟು "ಇಲ್ಲಿ ನಮ್ಮ ಹೊಲಕ್ಕ ಹೋಗೂ ಹಾದಿ ಎಲ್ಲೈತ್ರಿ?" ಅಂದ. ಬಂದ ಹುಡುಗ "ಅಂಡರ್‌ಪಾಸ್ ಕೊಟ್ಟೀವಿ" ಅಂದ. ಅಪ್ಪಗ ಸಮಾಧಾನ ಆತು, ಹಾಜರಿ ಪುಸ್ತಕದಾಗ ಸಹಿ ಮಾಡಿದ. ಸಹಿ ಮಾಡಿದವರೆಲ್ಲಾ ಒಪ್ಪಿಗಿ ಕೊಟ್ಟಂಗ ಅಂತ ಆಮ್ಯಾಲ ಗೊತ್ತಾತು.

ಅಂಡರ್‌ಪಾಸ್ ಕಟ್ಟಿದ್ರು. ಸುಗ್ಗಿಯೊಳಗ ಕಣಿಕಿ ಹೇರಿದ ಟ್ರ್ಯಾಕ್ಟರ್ ತಗೊಂಡು ಹೋದ್ವಿ. ಟ್ರೇಲರ್ ಮ್ಯಾಲ ಆಳೆತ್ತರ ಕಣಿಕಿ. ಮುಂದಿನ ಗಾಲಿ ಒಳಗ ಹೋದ್ವು, ಹಿಂದ ಕಣಿಕಿ ಮ್ಯಾಲಿನ ಕಾಂಕ್ರೀಟಿಗೆ ತಾಗಿ ನಿಂತ್ತು. ಅರ್ಧ ತಾಸು ಹೊತ್ತು ಅಲ್ಲೇ ಪೆಂಡಿ ಬಿಚ್ಚಿ ಇಳಿಸಿ, ಆಚೀಕಡೆ ಹೊತ್ತು ಒಯ್ದು ಮತ್ತ ಹೇರಿದ್ವಿ. ಈಗ ಪ್ರತಿ ಸುಗ್ಗಿಗೆ ಎರಡೂವರಿ ಕಿಲೋಮೀಟರ್ ಸುತ್ತ ಹಾಕಿ ಹೋಗ್ತೀವಿ.

ಅಪ್ಪಗ ನಕ್ಷಾ ತಿಳೀಲಿಲ್ಲ. ಅದ ಸಭಾದಾಗ ಯಾರರೆ "ಎತ್ತರ ಇಷ್ಟು" ಅಂತ ಒಂದು ಬಿದಿರು ಗಳಾ ಎತ್ತಿ ತೋರಿಸಿದ್ರ, ಅಲ್ಲೇ ಹೇಳ್ತಿದ್ದ, ಇದರಾಗ ಕಣಿಕಿ ಹೋಗೂದಿಲ್ಲಂತ. ಆಂವ ಐವತ್ತು ವರ್ಷ ಗಾಡಿ ಹೂಡಿದಾಂವ.

---

ಸಪ್ತಾಪುರದಾಕಿ · ರವಿವಾರ 15:48

ಬಿದಿರು ಗಳಾ! ಓದಿ ಸುಮ್ಮನ ಕುಂತುಬಿಟ್ಟೆ.

ನನಗ ಒಂದು ಅನಿಸ್ತದ. ಕಬಡ್ಡಿ ಅಂಕಣಕ್ಕ ಸುಣ್ಣದ ಪುಡಿಯಿಂದ ಗೆರಿ ಹಾಕ್ತಾರಲ್ಲ, ಹಂಗ ರಸ್ತಾದ ನಕ್ಷಾನ ನೆಲದ ಮ್ಯಾಲ ಪೂರಾ ಅಳತಿಯೊಳಗ ಹಾಕಿದ್ರ? ಇಷ್ಟಗಲ ಫುಟ್‌ಪಾತ್, ಇಷ್ಟಗಲ ಬಸ್ ದಾರಿ, ಇಲ್ಲಿ ದಾಟೂದು, ಇಲ್ಲಿ ನಿಂತು ಉಸಿರು ಬಿಡೂದು. ಅಜ್ಜಿ ಬುಟ್ಟಿ ಹೊತ್ತು ಆ ಗೆರಿ ಮ್ಯಾಲ ನಡದು ನೋಡಲಿ. ಆಕಿಗೆ ಡಿಪಿಆರ್ ಓದಾಕ ಬರಬೇಕಂತಿಲ್ಲ. ನಡದ ಮ್ಯಾಲ "ಇಷ್ಟು ದೂರ ಒಂದ ಉಸಿರಿನಾಗ ಆಗೂದಿಲ್ಲವ್ವಾ" ಅಂತ ಆಕಿನ ಹೇಳ್ತಾಳ.

---

ಮೂರು_ಗಾಲಿ · ರವಿವಾರ 16:30

ನಾನು ಗಾಲಿಕುರ್ಚಿಯಲ್ಲಿ ಓಡಾಡುವವನು. ಸುಣ್ಣದ ಗೆರೆಯ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಸಿ. ಅಗಲ ನೆಲದ ಮೇಲೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯಲ್ಲಿ ಫುಟ್‌ಪಾತಿನ ಅಂಚು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು, ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಜಾಗ ಇರಬೇಕು ಎಂದಿದೆ. ನಮ್ಮ ಊರುಗಳಲ್ಲಿ ಆ 1.8 ಮೀಟರಿನ ನಡುವೆ ವಿದ್ಯುತ್ ಕಂಬ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಇರುತ್ತದೆ. ಕಾಗದದ ಮೇಲೆ ನಿಯಮ ಪಾಲಿಸಿದಂತೆಯೇ.

ಚಿಗರಿ ನಿಲ್ದಾಣದ ವೇದಿಕೆ ಬಸ್ಸಿನ ನೆಲಕ್ಕೆ ಸಮ ಇದೆ, ನಾನು ಯಾರ ಕೈಯನ್ನೂ ಹಿಡಿಯದೆ ಬಸ್ ಹತ್ತಿದ್ದು ಜೀವನದಲ್ಲಿ ಅಲ್ಲಿಯೇ ಮೊದಲು. ಆ ದಿನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ನಿಲ್ದಾಣ ರಸ್ತೆಯ ನಟ್ಟನಡುವೆ ಇದೆ, ಅಲ್ಲಿಗೆ ಮುಟ್ಟುವುದೇ ದೊಡ್ಡ ಕೆಲಸ. ದಾರಿ ಕಿತ್ತು ಎಲ್ಲರಿಗೂ ಬಿಡಿ ಎನ್ನುವವರು ಈ ವೇದಿಕೆಯನ್ನು ಮಾತ್ರ ಕೀಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೊಸ ಬಸ್ಸಾಗಲಿ, ಟ್ರಾಮ್ ಆಗಲಿ, ಆ ಸಮಮಟ್ಟ ಉಳಿಯಲಿ.

---

ಉಣಕಲ್_ಬೈಕ್ · ರವಿವಾರ 16:52

ಅಣ್ಣಾರ, ಇದು ನನ್ನ ತಲಿಯೊಳಗ ಬಂದಿದ್ದ ಇಲ್ಲ. ಖರೇನ. ನಾ ಬೈಕಿನ ಮ್ಯಾಲಿಂದ ಬರೇ ದಾರಿ ನೋಡೀನಿ, ನಿಲ್ದಾಣದ ಒಳಗ ಹೋಗೇ ಇಲ್ಲ.

ನನ್ನ ತ್ರಾಸೂ ಸುಳ್ಳಲ್ಲ. ಆದ್ರ ಜಾಮ್ ಆಗೂದು ಎಲ್ಲಾ ಕಡೆ ಅಲ್ಲ, ತಿರುವು ತಗೋಳೂ ಕಡೆ ಮತ್ತ ಅಂಗಡಿ ಮುಂದ ಗಾಡಿ ನಿಲ್ಲಿಸೂ ಕಡೆ. ಅದನ್ನರೆ ಗುರುತು ಮಾಡಾಕ ನಾ ಬರ್ತೀನಿ.

---

ಬೈಪಾಸ್_ಬಾಜೂ · ರವಿವಾರ 18:10

ಎಲ್ಲರೂ ಪಿ.ಬಿ. ರಸ್ತಾ ಅಂತೀರಿ, ಬೈಪಾಸ್ ಮರತ್ರಿ. ಎರಡೂ ಒಂದ ಗಂಟಿನ ಎರಡು ತುದಿ. ಗಬ್ಬೂರಿನಿಂದ ನರೇಂದ್ರದ ತನಕ ಸುಮಾರು 30 ಕಿಲೋಮೀಟರ್, ಎರಡ ಪಥ. ಆ ಕಡೆ ಈ ಕಡೆ ಅಗಲ ಹೆದ್ದಾರಿ, ನಡುವ ಮಾತ್ರ ಇಕ್ಕಟ್ಟು. ವೇಗದಾಗ ಬಂದ ಗಾಡಿ ಇಲ್ಲಿ ಎದುರಾಬದುರು ಆಗ್ತಿದ್ವು.

2021ರ ಜನವರಿ 15, ಇಟಿಗಟ್ಟಿ ಹತ್ರ. ದಾವಣಗೆರೆಯಿಂದ ಗೋವಾಕ್ಕ ಹೊಂಟಿದ್ದ ಗೆಳತಿಯರ ಟೆಂಪೋ ಟ್ರಾವೆಲರ್‌ಗೆ ಟಿಪ್ಪರ್ ಬಡೀತು. ನಮ್ಮ ಭಾಗದ ಮಂದಿ ವರ್ಷಗಟ್ಟಲೆ ಅಗಲ ಮಾಡ್ರಿ ಅಂತ ಕೂಗಿದ್ರೂ ಆಗದ್ದು, ಆಮ್ಯಾಲ ಸರಿದಾಡಾಕ ಹತ್ತಿತು. ಸತ್ತವರ ಮನಿಯವರು ದಾವಣಗೆರೆಯಿಂದ ಅಲ್ಲಿಗೇ ಬಂದು ನಿಂತು ಕೇಳಿದ್ರು. ಈಗ ಆರು ಪಥದ ಕೆಲಸ. ಜನರ ಮಾತು ಕೇಳಾಕ ಅಷ್ಟು ಹೆಣ ಬೀಳಬೇಕಾತು, ಅದನ್ನ ನಾ ಮರಿಯೂದಿಲ್ಲ.

ಇನ್ನೊಂದು ಮಾತು. ಬೈಪಾಸ್ ಅಗಲ ಆತಂದ್ರ ದೂರದ ಲಾರಿಗಳಿಗೆ ಊರೊಳಗ ಬರೂ ನೆವ ಉಳಿಯೂದಿಲ್ಲ. ಪಿ.ಬಿ. ರಸ್ತಾ ಒಂದು ಕಾಲಕ್ಕ ಪುಣೆ-ಬೆಂಗಳೂರು ಹೆದ್ದಾರಿ ಇತ್ತು. ಈಗ ಅದು ಎರಡು ಊರಿನ ನಡುವಿನ ಓಣಿ ಇದ್ದಂಗ. ಶಾಲಿ, ದವಾಖಾನಿ, ಎಪಿಎಂಸಿ, ಉಣಕಲ್ ಕೆರಿ, ಎಲ್ಲಾ ಅದರ ಮ್ಯಾಲನ ಅದಾವ. ಸಿರಾಕ್ಯೂಸ್ ಅಣ್ಣಾರು ಹೇಳಿದ್ರಲ್ಲ, ದೂರದ ಗಾಡಿ ಹೊರಗ, ಊರ ಗಾಡಿ ಒಳಗ ಅಂತ. ಇಲ್ಲಿ ಹೊರಗಿನ ದಾರಿ ತಯಾರಾಗಾಕ ಹತ್ತೇದ. ಒಳಗಿನ ದಾರಿಯನ್ನ ಇನ್ನೂ ಹೆದ್ದಾರಿ ಅಂತನ ತಿಳಕೊಂಡು ಅಗಲದ ಲೆಕ್ಕ ಹಾಕ್ತೀವಿ.

---

ನಿವೃತ್ತ_ಇಂಜಿನಿಯರ್ · ರವಿವಾರ 18:45

ಬಹಳ ಸರಿ. ಇದರ ಜೊತೆಗೆ ಒಂದು ಆಡಳಿತದ ತೊಡಕು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧಾರವಾಡದ ಜನ ಬಹಳ ಕಾಲ ಕೇಳಿದ್ದು, ಸಂತೋಷವೇ. ಆದರೆ ರಸ್ತೆ ಒಂದು, ಪಾಲಿಕೆ ಎರಡು ಆದಾಗ ಸಭೆ ಕರೆಯುವವರು ಯಾರು? ನವಲೂರಿನ ದಾಟುವಿಕೆಗೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವ ಸಾಧ್ಯತೆ ಇದೆ. ಈಗಲೇ ಎರಡೂ ಕಡೆಯ ವಾರ್ಡಿನವರು ಸೇರಿದ ಒಂದೇ ರಸ್ತೆ ಸಮಿತಿ ಬೇಕೆಂದು ಬರೆದು ಕೊಡಬೇಕು. ಕರಡು ನಕ್ಷೆ ಕನ್ನಡದಲ್ಲಿ ಇರಬೇಕು, ಟೆಂಡರಿಗೆ ಮೊದಲು ನೆಲದ ಮೇಲೆ ಗೆರೆ ಹಾಕಿ ತೋರಿಸಬೇಕು, ಬಂದ ಪ್ರತಿ ಮಾತಿಗೂ "ಒಪ್ಪಿದೆವು" ಅಥವಾ "ಇಂಥ ಕಾರಣಕ್ಕೆ ಒಪ್ಪಲಿಲ್ಲ" ಎಂದು ಬರೆದ ಉತ್ತರ ಬರಬೇಕು. ಈ ಕೊನೆಯದನ್ನು ಬಿಡಬೇಡಿ. ಹಾಜರಿ ಪುಸ್ತಕದ ಸಹಿಯನ್ನು ಒಪ್ಪಿಗೆ ಅಂತ ತೋರಿಸುವುದಕ್ಕೆ ಅದರಿಂದಲೇ ತಡೆ.

---

ಗೋಕುಲ_ರಸ್ತಾ · ರವಿವಾರ 19:20

ಗಡುವು ಹಾಕಿ ಕೇಳೂದಾದ್ರ ನಂದೂ ಒಪ್ಪಿಗಿ. ಎರಡು ತಿಂಗಳು ಅಂದ್ರ ಎರಡು ತಿಂಗಳು. ಮೂರು ಸಲ ನಡಿಗಿ, ಮೂರು ಹೊತ್ತು. ಒಂದು ಮುಂಜಾನೆ ಶಾಲಿ ಹೊತ್ತಿಗೆ, ಒಂದು ಸಂತಿ ದಿನ, ಒಂದು ರಾತ್ರಿ ಎಂಟಕ್ಕ ಲೈಟ್ ಇಲ್ಲದ ಕಡೆ. ಮತ್ತ ಮಳಿಗಾಲದಾಗ ಒಂದು ಸಲ ಟೋಲ್ ನಾಕಾದಾಗ ನಿಲ್ಲಬೇಕು. ಜೋರ ಮಳಿ ಬಂದ್ರ ಅಲ್ಲಿ ನೀರು ಹೆಂಗ ನಿಲ್ತದ ಅಂತ ಧಾರವಾಡದ ಮಕ್ಕಳಿಗೂ ಗೊತ್ತೈತಿ. ನೀರು ಯಾವ ಕಡೆಯಿಂದ ಇಳದು ಬರ್ತದ ಅನ್ನೂದನ್ನ ಅಲ್ಲಿ ಚಾದಂಗಡಿ ಇಟ್ಟವರು ಬೆರಳು ಮಾಡಿ ತೋರಿಸ್ತಾರ.

ನಾ ಅಂಗಡಿಕಾರ. ನಂದೊಂದು ಮಾತು ಬರಕೋರಿ: ಮಾಲು ಇಳಿಸೂ ಗಾಡಿಗೆ ಜಾಗ ಗುರುತು ಮಾಡ್ರಿ. ಅದು ಇಲ್ಲಂದ್ರ ನಾವ ಫುಟ್‌ಪಾತಿನ ಮ್ಯಾಲ ಇಳಸ್ತೀವಿ, ಮೂರು ಗಾಲಿ ಅಣ್ಣಾರಿಗೆ ಅಡ್ಡ ಆಗ್ತದ.

---

ಸಪ್ತಾಪುರದಾಕಿ · ರವಿವಾರ 20:05

ಯಾರೂ ಕರೀಲಿ ಅಂತ ಕಾಯೂದು ಬ್ಯಾಡ. ಮುಂದಿನ ರವಿವಾರ ಮುಂಜಾನೆ 6:30ಕ್ಕ, ಗಾಡಿ ಕಡಿಮಿ ಇದ್ದಾಗ, ನವಲೂರ ಹತ್ರ ಕೂಡೂಣು. ರಸ್ತಾದ ಮ್ಯಾಲ ಗೆರಿ ಹಾಕಾಕ ಪರವಾನಗಿ ಬೇಕು, ಅದಿಲ್ಲದ ಮಾಡೂದು ಬ್ಯಾಡ. ಬಾಜೂಕ ಒಂದು ಖುಲ್ಲಾ ಜಾಗ ಐತಿ, ಮಾಲಕರನ್ನ ಕೇಳಿ ಬಂದೀನಿ, ಹೂಂ ಅಂದಾರ. ಅಲ್ಲೇ ರಸ್ತಾದ ಒಂದು ತುಂಡು ಪೂರಾ ಅಗಲದಾಗ ಹಾಕೂಣು. ಅಜ್ಜಿನ್ನ ನಾ ಕರಕೊಂಡು ಬರ್ತೀನಿ. ಆಕಿ ಹೆಸರು ಇಲ್ಲಿ ಬರಿಯೂದಿಲ್ಲ. ನಿನ್ನೆ ಮಾತಾಡ್ಸಿದೆ, "ನನ್ನ ಕೇಳಿ ಏನ್ ಮಾಡ್ತೀಯವ್ವಾ" ಅಂದ್ಲು, ಆಮ್ಯಾಲ "ಬುಟ್ಟಿ ತರಬೇಕನು?" ಅಂತ ಕೇಳಿದ್ಲು. ತುಂಬಿದ ಬುಟ್ಟಿನ ತರ್ರಿ ಅಂದೀನಿ.

ಏನೇನು ಬೇಕು: ಉದ್ದನ್ನ ಟೇಪು, ಸುಣ್ಣದ ಪುಡಿ ಎರಡು ಚೀಲ, ಹಗ್ಗ, ಗೂಟ, ಅಂಚಿನ ಎತ್ತರ ತೋರಿಸಾಕ ಒಂದಿಷ್ಟು ಇಟ್ಟಂಗಿ.

---

ಚಿಗರಿ_ಪಾಸ್ · ರವಿವಾರ 20:12

ನಾ ಬರ್ತೀನಿ. ನಮ್ಮ ಕ್ಲಾಸಿನ ಆರು ಮಂದಿನೂ ಬರ್ತಾರ. ಎಷ್ಟು ಸೆಕೆಂಡಿನಾಗ ದಾಟ್ತಾರ ಅಂತ ನಾವು ಬರಕೋತೀವಿ.

---

ನಿವೃತ್ತ_ಇಂಜಿನಿಯರ್ · ರವಿವಾರ 20:20

30 ಮೀಟರ್ ಟೇಪು ನನ್ನ ಹತ್ತಿರ ಇದೆ. ಹಳೆಯದು, ಆದರೆ ಅಳತೆ ತಪ್ಪುವುದಿಲ್ಲ. ನಿಲ್ದಾಣದ ಹತ್ತಿರ ರಸ್ತೆ ಅದಕ್ಕಿಂತ ಅಗಲ ಇರುವುದರಿಂದ ಎರಡು ಸಲ ಹಿಡಿಯಬೇಕಾದೀತು, ಒಂದು ತುದಿ ಹಿಡಿಯಲು ಯಾರಾದರೂ ಬೇಕು.

---

ಉಣಕಲ್_ಬೈಕ್ · ರವಿವಾರ 20:24

ತುದಿ ನಾ ಹಿಡೀತೀನಿ ಸರ್. ಸುಣ್ಣದ ಚೀಲಾನೂ ಬೈಕಿನ ಮ್ಯಾಲ ತರ್ತೀನಿ.

---

ಮೂರು_ಗಾಲಿ · ರವಿವಾರ 20:41

ಆ ಖುಲ್ಲಾ ಜಾಗಕ್ಕೆ ಇಳಿಯುವಲ್ಲಿ ಮೆಟ್ಟಿಲು ಇದೆಯೇ?

---

ಸಪ್ತಾಪುರದಾಕಿ · ರವಿವಾರ 20:43

ಒಂದು ಮೆಟ್ಟಲ ಐತ್ರಿ. ನಾಳೆ ಹೋಗಿ ನೋಡಿ, ಹಲಗಿ ಹಾಕಿಸಿ ಹೇಳ್ತೀನಿ.